ಅರ್ಜಿಯ ಖಾಲಿ ಚೌಕಗಳ ಹಿಂದೆ ಏನಿದೆ?

ತಾಲ್ಲೂಕು ಕಚೇರಿಯ ಮುಂದೆ ಮರದ ನೆರಳಿನಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರನ್ನು ನೋಡದ ಕನ್ನಡಿಗರು ವಿರಳ. ಯಾವ ಅಂಕಣದಲ್ಲಿ ಏನು ಬರೆಯಬೇಕು, ಯಾವುದನ್ನು ಖಾಲಿ ಬಿಡಬಹುದು, ಯಾವ ದಾಖಲೆ ಲಗತ್ತಿಸಬೇಕು ಎಂಬುದೆಲ್ಲ ಅವರಿಗೆ ಕರತಲಾಮಲಕ. ಏನಾದರೂ ಬಿಟ್ಟುಹೋದರೆ ಕಿಟಕಿಯಾಚೆಯ ಗುಮಾಸ್ತರು ಕೇಳಿ ತುಂಬಿಸಿಕೊಳ್ಳುವುದೂ ಉಂಟು.

ಆ ಅರ್ಜಿ ಈಗ ಅಂತರ್ಜಾಲಕ್ಕೆ ಸ್ಥಳಾಂತರಗೊಂಡಿದೆ. ಐಆರ್‌ಸಿಟಿಸಿ ಜಾಲತಾಣದಲ್ಲಿ ರೈಲು ಟಿಕೆಟ್ ಕಾಯ್ದಿರಿಸುವ ವ್ಯವಸ್ಥೆ 2002ರಲ್ಲೇ ಆರಂಭವಾಯಿತು. 2023ರಲ್ಲಿ ಗೃಹಜ್ಯೋತಿ ಯೋಜನೆಯ ನೋಂದಣಿ ಸೇವಾಸಿಂಧು ಮೂಲಕ ನಡೆಯಿತು. ಆದರೆ ಪರದೆಯ ಮೇಲಿನ ಅರ್ಜಿ ಗುಮಾಸ್ತರಂತೆ ಪರಿಸ್ಥಿತಿ ನೋಡಿ ವರ್ತಿಸುವುದಿಲ್ಲ. ಅದನ್ನು ರೂಪಿಸಿದವರು ಮೊದಲೇ ಯೋಚಿಸಿ ಬರೆದಿಟ್ಟಷ್ಟು ಮಾತ್ರ ಅದಕ್ಕೆ ತಿಳಿದಿರುತ್ತದೆ. ಹೀಗಾಗಿ ಯಾರ ಅರ್ಜಿ ಒಳಗೆ ಹೋಗುತ್ತದೆ, ಯಾರದು ಬಾಗಿಲಲ್ಲೇ ಉಳಿಯುತ್ತದೆ ಎಂಬುದು ಅನೇಕ ಸಲ ಎಚ್‌ಟಿಎಂಎಲ್‌ನ ಕೆಲವೇ ಸಾಲುಗಳಲ್ಲಿ ನಿರ್ಧಾರವಾಗಿಬಿಡುತ್ತದೆ.

ಕಾರ್ಡೋ, ಲಕೋಟೆಯೋ?

ಜಾಲಪುಟಗಳನ್ನು ಬರೆಯುವ ಗುರುತು ಭಾಷೆಯೇ ಎಚ್‌ಟಿಎಂಎಲ್. 1995ರ ನವೆಂಬರ್‌ನಲ್ಲಿ ಪ್ರಕಟವಾದ ಅದರ 2.0 ಆವೃತ್ತಿಯ ನಿಯಮಾವಳಿಯಲ್ಲಿ ಅರ್ಜಿ ನಮೂನೆಗೂ ಸ್ಥಾನ ದೊರೆಯಿತು. ಓದುವುದಕ್ಕಷ್ಟೇ ಇದ್ದ ಪುಟ ಓದುಗರಿಂದ ಉತ್ತರ ಪಡೆಯಲು ಸಾಧ್ಯವಾದದ್ದು ಈ ನಮೂನೆಯಿಂದ.

ಇದರ ಮೂಲರಚನೆ ಸರಳ. ‘ಫಾರ್ಮ್’ ಎಂಬ ಟ್ಯಾಗ್ ಇಡೀ ಅರ್ಜಿಯನ್ನು ಸುತ್ತುವರಿದಿರುತ್ತದೆ. ಅದಕ್ಕೆ ಮುಖ್ಯವಾಗಿ ಎರಡು ಸಂಗತಿಗಳನ್ನು ತಿಳಿಸಬೇಕು. ಮೊದಲನೆಯದು ‘ಆಕ್ಷನ್’, ಅಂದರೆ ತುಂಬಿದ ಮಾಹಿತಿ ತಲುಪಬೇಕಾದ ವಿಳಾಸ. ಎರಡನೆಯದು ‘ಮೆಥಡ್’, ಅಂದರೆ ಕಳುಹಿಸುವ ವಿಧಾನ. ಇದರಲ್ಲಿ ‘ಗೆಟ್’ ಮತ್ತು ‘ಪೋಸ್ಟ್’ ಎಂಬ ಎರಡು ಬಗೆಗಳು ಹೆಚ್ಚು ಬಳಕೆಯಲ್ಲಿವೆ.

ಗೆಟ್ ವಿಧಾನವನ್ನು ಅಂಚೆ ಕಾರ್ಡಿಗೆ ಹೋಲಿಸಬಹುದು. ತುಂಬಿದ್ದೆಲ್ಲವೂ ಜಾಲವಿಳಾಸದ ಕೊನೆಯಲ್ಲಿ ಬಹಿರಂಗವಾಗಿ ಅಂಟಿಕೊಳ್ಳುತ್ತದೆ. ಬ್ರೌಸರ್‌ನ ಇತಿಹಾಸದಲ್ಲೂ ಉಳಿಯುತ್ತದೆ. ಪುಸ್ತಕವನ್ನೋ ಬಸ್ಸಿನ ವೇಳೆಯನ್ನೋ ಹುಡುಕುವುದಕ್ಕೆ ಇದು ಸೂಕ್ತ. ಗುಪ್ತಪದ ಅಥವಾ ಆಧಾರ್ ಸಂಖ್ಯೆಯನ್ನು ಹೀಗೆ ಕಳುಹಿಸಿದರೆ ಅದೇ ಗಣಕಯಂತ್ರದ ಮುಂದೆ ಆನಂತರ ಕುಳಿತವರಿಗೂ ಅದು ಕಾಣಬಹುದು. ಸೈಬರ್ ಕೆಫೆ, ಸೇವಾ ಕೇಂದ್ರಗಳಲ್ಲಿ ಇದು ಸಣ್ಣ ಅಪಾಯವಲ್ಲ.

ಪೋಸ್ಟ್ ವಿಧಾನ ಲಕೋಟೆಯಂತೆ. ಮಾಹಿತಿ ವಿಳಾಸದಲ್ಲಿ ಕಾಣದೆ ಒಳಗೆ ಸಾಗುತ್ತದೆ. ಆದರೆ ಲಕೋಟೆಗೆ ಮೊಹರು ಬೀಳುವುದು ಜಾಲತಾಣ ಎಚ್‌ಟಿಟಿಪಿಎಸ್ ಬಳಸಿದಾಗ ಮಾತ್ರ. ಬರೀ ಪೋಸ್ಟ್ ಎಂದು ಬರೆದ ಮಾತ್ರಕ್ಕೆ ಗೋಪ್ಯತೆ ದೊರೆತಂತಾಗದು.

ಕಲಿಯುವವರು ಎಡವುವ ಇನ್ನೊಂದು ಸ್ಥಳವಿದೆ. ಪ್ರತಿ ಚೌಕಕ್ಕೂ ‘ನೇಮ್’ ಎಂಬ ಗುರುತು ಬೇಕು. ಅದನ್ನು ಬಿಟ್ಟರೂ ಚೌಕ ಪರದೆಯ ಮೇಲೆ ಮೂಡುತ್ತದೆ, ಅಕ್ಷರಗಳೂ ಕಾಣುತ್ತವೆ. ಅರ್ಜಿ ಸಲ್ಲಿಸಿದಾಗ ಮಾತ್ರ ಬ್ರೌಸರ್ ಆ ಚೌಕದ ಮಾಹಿತಿಯನ್ನು ಕಳುಹಿಸುವುದೇ ಇಲ್ಲ. ತುಂಬಿದವರಿಗೆ ಇದರ ಸುಳಿವೂ ಸಿಗುವುದಿಲ್ಲ.

ಕಣ್ಣಿಗೆ ಕಂಡರೆ ಸಾಲದು

ಚೌಕದ ಪಕ್ಕದಲ್ಲಿ ‘ತಂದೆಯ ಹೆಸರು’ ಎಂದು ಬರೆದಿದ್ದರೆ ಕಣ್ಣಿದ್ದವರಿಗೆ ಸಾಕು. ದೃಷ್ಟಿ ಇಲ್ಲದವರು ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಮುಂತಾದ ತಂತ್ರಾಂಶಗಳನ್ನು ಅವಲಂಬಿಸುತ್ತಾರೆ. ಬರಹಕ್ಕೂ ಚೌಕಕ್ಕೂ ಸಂಬಂಧವಿದೆ ಎಂಬುದನ್ನು ಆ ತಂತ್ರಾಂಶಕ್ಕೆ ತಿಳಿಸುವುದು ‘ಲೇಬಲ್’ ಎಂಬ ಟ್ಯಾಗ್. ಅದಿಲ್ಲದಿದ್ದರೆ ‘ಇಲ್ಲಿ ಬರೆಯಿರಿ’ ಎಂಬ ಅರ್ಥದ ಒಂದೇ ಮಾತು ಹತ್ತು ಚೌಕಗಳಲ್ಲೂ ಕೇಳಿಬರಬಹುದು. ಯಾವುದು ಹೆಸರಿನದು, ಯಾವುದು ಬ್ಯಾಂಕ್ ಖಾತೆಯದು ಎಂದು ಊಹಿಸುವುದೇ ಅರ್ಜಿದಾರರ ಪಾಡಾಗುತ್ತದೆ.

1997ರ ಡಿಸೆಂಬರ್‌ನಲ್ಲಿ ಬಂದ ಎಚ್‌ಟಿಎಂಎಲ್ 4.0 ಆವೃತ್ತಿಯಲ್ಲೇ ಲೇಬಲ್ ಇತ್ತು. ಒಂದೇ ಪ್ರಶ್ನೆಗೆ ಸೇರಿದ ಆಯ್ಕೆಗಳನ್ನು ಒಟ್ಟುಗೂಡಿಸುವ ‘ಫೀಲ್ಡ್‌ಸೆಟ್’, ಆ ಗುಂಪಿಗೆ ಶೀರ್ಷಿಕೆ ಕೊಡುವ ‘ಲೆಜೆಂಡ್’ ಕೂಡ ಅದರಲ್ಲೇ ಇದ್ದವು. ಲೇಬಲ್‌ನಿಂದ ಉಳಿದವರಿಗೂ ಪ್ರಯೋಜನವುಂಟು. ಮೊಬೈಲ್‌ನಲ್ಲಿ ಪುಟ್ಟ ವೃತ್ತವನ್ನೇ ಗುರಿಯಿಟ್ಟು ಒತ್ತಬೇಕಾಗಿಲ್ಲ, ಪಕ್ಕದ ಬರಹವನ್ನು ಮುಟ್ಟಿದರೂ ಆಯ್ಕೆಯಾಗುತ್ತದೆ.

ಜಾಗ ಉಳಿಸುವ ಆಸೆಯಿಂದ ಲೇಬಲ್ ತೆಗೆದು ಚೌಕದೊಳಗೇ ಮಸುಕಾದ ಸೂಚನೆ ಬರೆಯುವ ಪದ್ಧತಿಯೂ ಬೆಳೆದಿದೆ. ಮೊದಲ ಅಕ್ಷರ ಮೂಡುತ್ತಿದ್ದಂತೆ ಆ ಸೂಚನೆ ಮಾಯವಾಗುತ್ತದೆ. ನಡುವೆ ಫೋನ್ ಕರೆ ಬಂದು ಮರಳಿ ನೋಡಿದಾಗ ಆ ಚೌಕ ಏನನ್ನು ಕೇಳಿತ್ತು ಎಂಬುದೇ ಮರೆತುಹೋಗಿರುತ್ತದೆ.

ಅಂಕಿಗಳೆಲ್ಲ ಸಂಖ್ಯೆಯಲ್ಲ

2014ರ ಅಕ್ಟೋಬರ್‌ನಲ್ಲಿ ಅಧಿಕೃತ ಮಾನ್ಯತೆ ಪಡೆದ ಎಚ್‌ಟಿಎಂಎಲ್ 5 ಇಮೇಲ್, ದೂರವಾಣಿ, ದಿನಾಂಕ, ಸಂಖ್ಯೆ ಮೊದಲಾದವುಗಳಿಗೆ ಪ್ರತ್ಯೇಕ ಬಗೆಯ ಚೌಕಗಳನ್ನು ಒದಗಿಸಿತು. ದೂರವಾಣಿಯ ಚೌಕ ಮುಟ್ಟಿದರೆ ಮೊಬೈಲ್‌ನಲ್ಲಿ ಅಂಕಿಗಳ ಕೀಲಿಮಣೆ ತೆರೆದುಕೊಳ್ಳುತ್ತದೆ.

ಅಂಕಿ ಇದ್ದಲ್ಲೆಲ್ಲ ಸಂಖ್ಯೆಯ ಚೌಕ ಬಳಸುವುದು ಮಾತ್ರ ಸಲ್ಲದು. ಕೂಡಿ ಕಳೆಯುವುದಕ್ಕೆ ಬರುವಂಥದ್ದು ಸಂಖ್ಯೆ. ಗುರುತಿಗಾಗಿ ಇರುವ ಅಂಕಿಸಾಲು ಪಠ್ಯ. ಬೆಂಗಳೂರಿನ ಎಸ್‌ಟಿಡಿ ಸಂಕೇತ 080ನ್ನು ಸಂಖ್ಯೆಯೆಂದು ಶೇಖರಿಸಿದರೆ ಮುಂದಿನ ಸೊನ್ನೆ ಬಿದ್ದುಹೋಗಿ 80 ಉಳಿಯುತ್ತದೆ. 12 ಅಂಕಿಗಳ ಆಧಾರ್, 6 ಅಂಕಿಗಳ ಪಿನ್‌ಕೋಡ್‌ಗೆ ಪಠ್ಯದ ಚೌಕವಿಟ್ಟು, ಅಂಕಿಯ ಕೀಲಿಮಣೆ ತೋರಿಸುವಂತೆ ‘ಇನ್‌ಪುಟ್‌ಮೋಡ್’ ಮೂಲಕ ಸೂಚಿಸುವುದು ಸರಿಯಾದ ಮಾರ್ಗ.

ದಿನಾಂಕದಲ್ಲಿಯೂ ಗೊಂದಲವಿದೆ. 03/04 ಎಂಬುದು ಭಾರತೀಯರಿಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ದಿನಾಂಕದ ಚೌಕ ಬಳಸಿದರೆ ಪರದೆಯ ಮೇಲೆ ಹೇಗೇ ಕಂಡರೂ ಸರ್ವರ್‌ಗೆ ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿ ಮಾಹಿತಿ ತಲುಪುತ್ತದೆ.

ಹೆಸರೇ ತೊಡಕಾದಾಗ

ಕನ್ನಡಿಗರಿಗೆ ಹೆಚ್ಚು ಕಾಟ ಕೊಡುವ ಚೌಕ ಹೆಸರಿನದು. ಮೊದಲ ಹೆಸರು, ಕೊನೆಯ ಹೆಸರು ಎರಡೂ ಕಡ್ಡಾಯ ಎನ್ನುವ ಅರ್ಜಿ ಪಾಶ್ಚಾತ್ಯ ಪದ್ಧತಿಯಿಂದ ಬಂದದ್ದು. ಹಳೆ ಮೈಸೂರು ಭಾಗದಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟುಕೊಂಡವರು ಅಸಂಖ್ಯ. ಒಂದೇ ಹೆಸರಿನವರೂ ಇದ್ದಾರೆ. ಕೊನೆಯ ಹೆಸರಿಲ್ಲದೆ ಅರ್ಜಿ ಮುಂದೆ ಸಾಗದಿದ್ದಾಗ ಕೆಲವರು ಚುಕ್ಕೆ ಇಡುತ್ತಾರೆ, ಕೆಲವರು ಇದ್ದ ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಚೌಕದ ‘ಪ್ಯಾಟರ್ನ್’ ನಿಯಮದಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ಎಂದಿದ್ದರೆ ಚುಕ್ಕೆಗೂ ಅವಕಾಶವಿಲ್ಲ.

ಅಂದಿಗೆ ಕೆಲಸ ಆದಂತೆ ಕಾಣುತ್ತದೆ. ಮುಂದೆ ಅಂಕಪಟ್ಟಿಯಲ್ಲೊಂದು, ಬ್ಯಾಂಕಿನಲ್ಲೊಂದು, ಆಧಾರ್‌ನಲ್ಲೊಂದು ಹೆಸರಾಗಿ, ಹಣ ಜಮೆಯಾಗುವ ಹೊತ್ತಿಗೆ ‘ಹೆಸರು ಹೊಂದುತ್ತಿಲ್ಲ’ ಎಂಬ ಉತ್ತರ ಬರುತ್ತದೆ. ‘ಪೂರ್ಣ ಹೆಸರು’ ಎಂಬ ಒಂದೇ ಚೌಕ ಇಟ್ಟಿದ್ದರೆ ಈ ಅಲೆದಾಟದ ಬಹುಪಾಲು ತಪ್ಪುತ್ತಿತ್ತು.

ಕನ್ನಡದಲ್ಲಿ ಬರೆಯಲು ಅವಕಾಶವಿದ್ದಾಗ ಅಳತೆಯ ಪ್ರಶ್ನೆ ಎದುರಾಗುತ್ತದೆ. ‘ಶ್ರೀನಿವಾಸ’ ಎಂಬುದು ಓದುವವರಿಗೆ 4 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನ, ವಿರಾಮ, ಸ್ವರಚಿಹ್ನೆಗಳೆಲ್ಲ ಸೇರಿ 9 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ ಶೇಖರಣೆಗೆ 27 ಬೈಟ್. ಚೌಕದ ‘ಮ್ಯಾಕ್ಸ್‌ಲೆಂಗ್ತ್’ ಮಿತಿಯನ್ನು 20 ಎಂದು ಇಂಗ್ಲಿಷ್ ಹೆಸರಿನ ಅಂದಾಜಿನಲ್ಲಿ ಇಟ್ಟರೆ ಉದ್ದನೆಯ ಕನ್ನಡ ಹೆಸರು ಅರ್ಧದಲ್ಲೇ ನಿಲ್ಲುತ್ತದೆ. ಒತ್ತಕ್ಷರದ ನಡುವೆ ಕತ್ತರಿ ಬಿದ್ದರೆ ಹೆಸರೇ ಬೇರೆಯಾಗುತ್ತದೆ.

ಕಾವಲು ಎಲ್ಲಿರಬೇಕು?

‘ರಿಕ್ವೈರ್ಡ್’ ಎಂಬ ಒಂದು ಪದ ಸೇರಿಸಿದರೆ ಖಾಲಿ ಚೌಕವನ್ನು ಬ್ರೌಸರ್ ತಡೆಯುತ್ತದೆ. ಇದು ಅರ್ಜಿದಾರರ ಅನುಕೂಲಕ್ಕಾಗಿ ಇರುವ ತಪಾಸಣೆಯೇ ಹೊರತು ಭದ್ರತೆಗಾಗಿ ಅಲ್ಲ. ತುಸು ತಿಳಿದವರು ಅದನ್ನು ತೆಗೆದುಹಾಕಿ ಏನನ್ನಾದರೂ ಕಳುಹಿಸಬಲ್ಲರು. ಕಣ್ಣಿಗೆ ಕಾಣದ ‘ಹಿಡನ್’ ಚೌಕದಲ್ಲಿ ವಸ್ತುವಿನ ಬೆಲೆ ಇಟ್ಟು ಅದನ್ನೇ ನಂಬಿದ ಅಂಗಡಿಯಲ್ಲಿ ಸಾವಿರ ರೂಪಾಯಿಯ ಪದಾರ್ಥವನ್ನು ಒಂದು ರೂಪಾಯಿಗೆ ಕೊಳ್ಳಲು ಯತ್ನಿಸಬಹುದು. ಆದ್ದರಿಂದ ಬಂದ ಪ್ರತಿ ಮಾಹಿತಿಯನ್ನೂ ಸರ್ವರ್‌ನಲ್ಲಿ ಮತ್ತೊಮ್ಮೆ ಪರೀಕ್ಷಿಸುವುದು ಅನಿವಾರ್ಯ.

ತಪ್ಪು ಕಂಡಾಗ ಅದನ್ನು ಹೇಳುವ ರೀತಿಯೂ ಮುಖ್ಯ. ‘ದೋಷ ಸಂಭವಿಸಿದೆ’ ಎಂದಷ್ಟೇ ಹೇಳಿ, ತುಂಬಿದ್ದನ್ನೆಲ್ಲ ಅಳಿಸಿಹಾಕುವ ಅರ್ಜಿಯಿಂದ ಯಾರಿಗೂ ಉಪಕಾರವಿಲ್ಲ. ಯಾವ ಚೌಕದಲ್ಲಿ ತಪ್ಪಿದೆ, ಸರಿಪಡಿಸುವುದು ಹೇಗೆ ಎಂದು ಅದರ ಪಕ್ಕದಲ್ಲೇ ತಿಳಿಸಿ, ಉಳಿದದ್ದನ್ನು ಹಾಗೆಯೇ ಉಳಿಸಬೇಕು. ದಿನದ ಕೂಲಿ ಬಿಟ್ಟು ಸೇವಾ ಕೇಂದ್ರದ ಸಾಲಿನಲ್ಲಿ ನಿಂತವರಿಗೆ ಎರಡನೆಯ ಬಾರಿ ತುಂಬುವುದೆಂದರೆ ಮತ್ತೊಂದು ದಿನ ಬರುವುದು ಎಂದೇ ಅರ್ಥ.

ಬಿಡುಗಡೆಗೆ ಮುನ್ನ

ಅರ್ಜಿಯನ್ನು ಸಾರ್ವಜನಿಕರ ಮುಂದಿಡುವ ಮೊದಲು ಕೆಲವು ಪರೀಕ್ಷೆಗಳನ್ನು ಖರ್ಚಿಲ್ಲದೆ ಮಾಡಬಹುದು. ಮೌಸ್ ಬದಿಗಿಟ್ಟು ಕೀಲಿಮಣೆಯಿಂದಲೇ ಕೊನೆಯವರೆಗೆ ತುಂಬಿ ನೋಡುವುದು. ಅಗ್ಗದ ಮೊಬೈಲ್‌ನಲ್ಲಿ, ನಿಧಾನಗತಿಯ ಸಂಪರ್ಕದಲ್ಲಿ ತೆರೆಯುವುದು. ಒಂದೇ ಹೆಸರಿನ, ಇಮೇಲ್ ಇಲ್ಲದ ವ್ಯಕ್ತಿಯಾಗಿ ಅರ್ಜಿ ಸಲ್ಲಿಸುವುದು. ಬೇಕೆಂದೇ ಒಂದು ತಪ್ಪು ಮಾಡಿ ಉತ್ತರವೇನು ಬರುತ್ತದೆಂದು ಓದುವುದು.

ಇದಕ್ಕೆ ದುಬಾರಿ ತಂತ್ರಾಂಶವಾಗಲಿ ವಿಶೇಷ ಪಾಂಡಿತ್ಯವಾಗಲಿ ಬೇಡ. ಬೇಕಾದ ಟ್ಯಾಗ್‌ಗಳೆಲ್ಲ ಎಚ್‌ಟಿಎಂಎಲ್‌ನಲ್ಲಿಯೇ ಇವೆ, ಕೆಲವಂತೂ ಕಾಲು ಶತಮಾನದಿಂದ ಇವೆ. ಮರದ ನೆರಳಿನಲ್ಲಿ ಕುಳಿತು ಅರ್ಜಿ ಬರೆದುಕೊಡುವವರು ಮೊದಲು ಎದುರಿಗೆ ನಿಂತವರು ಯಾರೆಂದು ನೋಡಿ, ನಂತರ ಲೇಖನಿ ತೆಗೆಯುತ್ತಾರೆ. ಪರದೆಯ ಅರ್ಜಿ ರೂಪಿಸುವವರೂ ಅದೇ ಕ್ರಮವನ್ನು ಪಾಲಿಸಿದರೆ ಅರ್ಧ ಕೆಲಸ ಮುಗಿದಂತೆ.