ಸ್ಟ್ರಿಪ್ ಬಣ್ಣ ಬದಲಾಗದಿದ್ದರೆ ಹಾಲು ಶುದ್ಧವೇ?

ಶಿವಮೊಗ್ಗ, ಭದ್ರಾವತಿಯ ಮನೆಗಳಿಗೆ ಹಾಲು ಮುಖ್ಯವಾಗಿ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಎರಡೂ ಊರಿನ ನಡುವೆ ಮಾಚೇನಹಳ್ಳಿಯಲ್ಲಿರುವ ಶಿಮುಲ್ ಡೇರಿಯ ನಂದಿನಿ ಪ್ಯಾಕೆಟ್. ಇನ್ನೊಂದು, ಸುತ್ತಲ ಹಳ್ಳಿಗಳಿಂದ ಕ್ಯಾನಿನಲ್ಲಿ ಬರುವ ವರ್ತನೆ ಹಾಲು. ಯಾವುದೇ ಹಾಲಿರಲಿ, ಜನರ ಅನುಮಾನ ಒಂದೇ: 'ಯೂರಿಯಾ ಬೆರೆಸಿದ್ದಾರಾ? ಸೋಪಿನ ಪುಡಿ ಹಾಕಿದ್ದಾರಾ?' ಹಾಗಾದರೆ ಮನೆಯಲ್ಲೇ ಸ್ಟ್ರಿಪ್ ಅದ್ದಿ ನೋಡಿದರೆ ಸಾಕೇ?

ಸ್ಟ್ರಿಪ್ ಹೇಗೆ ಕೆಲಸ ಮಾಡುತ್ತದೆ?

ಯೂರಿಯಾ ಸ್ಟ್ರಿಪ್‌ನಲ್ಲಿ ಯೂರಿಯೇಸ್ ಎಂಬ ಕಿಣ್ವವಿರುತ್ತದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಆಗ ಕ್ಷಾರತೆ ಹೆಚ್ಚಿ ಬಣ್ಣ ಬದಲಾಗುತ್ತದೆ. ಹಾಲಿನಲ್ಲಿ ಸಹಜವಾಗಿಯೇ ಸ್ವಲ್ಪ ಯೂರಿಯಾ ಇರುತ್ತದೆ. ಹಾಗಾಗಿ ತೆಳು ಬಣ್ಣ ಕಂಡ ಕೂಡಲೇ ಕಲಬೆರಕೆ ಎನ್ನಲಾಗದು.

ಆಂಟಿಬಯೋಟಿಕ್ ಅಂಶ ಪತ್ತೆ ಮಾಡುವ ಸ್ಟ್ರಿಪ್‌ಗಳು ಬೇರೆ ಬಗೆಯವು. ಗರ್ಭ ಪರೀಕ್ಷೆಯ ಕಿಟ್‌ನಲ್ಲಿ ಎರಡನೇ ಗೆರೆ ಮೂಡಿದರೆ 'ಇದೆ' ಎಂದರ್ಥ. ಇಲ್ಲಿ ಸಾಮಾನ್ಯವಾಗಿ ತಿರುವುಮುರುವು: ಹಾಲಿನಲ್ಲಿ ಔಷಧಿ ಇದ್ದರೆ ಪರೀಕ್ಷಾ ಗೆರೆ ಮಸುಕಾಗುತ್ತದೆ ಅಥವಾ ಮೂಡುವುದೇ ಇಲ್ಲ. ಸೂಚನೆ ಓದದಿದ್ದರೆ ಫಲಿತಾಂಶ ಉಲ್ಟಾ ಅರ್ಥವಾದೀತು.

ನಿಜವಾದ ಅಪಾಯ ಎಲ್ಲಿದೆ?

ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಯೂರಿಯಾ, ಡಿಟರ್ಜೆಂಟ್‌ನಂಥ ಅಪಾಯಕಾರಿ ಕಲಬೆರಕೆ ಕಂಡದ್ದು 12ರಲ್ಲಿ ಮಾತ್ರ. ಆಂಟಿಬಯೋಟಿಕ್ ಮಿತಿ ಮೀರಿದ್ದು 77ರಲ್ಲಿ. ಅಫ್ಲಟಾಕ್ಸಿನ್ ಎಂ1 ಎಂಬ ವಿಷ ಮಿತಿ ಮೀರಿದ್ದು 368ರಲ್ಲಿ!

ಈ ವಿಷವನ್ನು ಯಾರೂ ಬೆರೆಸುವುದಿಲ್ಲ. ಬೂಷ್ಟು ಹಿಡಿದ ಹಿಂಡಿ, ಜೋಳ ತಿಂದ ಹಸುವಿನ ಹಾಲಿಗೆ ಅದು ತಾನಾಗಿ ಇಳಿಯುತ್ತದೆ. ಕಾಯಿಸಿದರೆ ಹೋಗುವುದಿಲ್ಲ. ಭಾರತದಲ್ಲಿ ಇದರ ಮಿತಿ ಕೆ.ಜಿ. ಹಾಲಿಗೆ 0.5 ಮೈಕ್ರೋಗ್ರಾಂ. ಯೂರಿಯಾ ಸ್ಟ್ರಿಪ್‌ಗೆ ಇದು ಕಾಣುವುದೇ ಇಲ್ಲ. ಅದಕ್ಕೆಂದೇ ಬೇರೆ ಸ್ಟ್ರಿಪ್ ಬೇಕು.

ನಾವೇನು ಮಾಡಬಹುದು?

ವರ್ತನೆ ಹಾಲು ಕೊಡುವವರನ್ನು 'ನೀರು ಹಾಕಿದ್ದೀರಾ?' ಎಂದಷ್ಟೇ ಕೇಳಿದರೆ ಸಾಲದು. ಮಳೆಗಾಲದಲ್ಲಿ ಹಿಂಡಿ ಎಲ್ಲಿಡುತ್ತೀರಿ ಎಂದೂ ಕೇಳೋಣ. ಹಸು ಸಾಕಿದವರು ಬೂಷ್ಟು ಹಿಡಿದ ಮೇವು ಹಾಕಬಾರದು. ಕೆಚ್ಚಲು ಬಾವಿಗೆ ಔಷಧಿ ಕೊಟ್ಟರೆ, ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೂ ಹಾಕಬಾರದು, ಮನೆಗೂ ಬಳಸಬಾರದು. ಸ್ಟ್ರಿಪ್ ಅನುಮಾನ ತೋರಿಸಿದರೆ ಜಗಳಕ್ಕಿಳಿಯುವ ಮೊದಲು ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಿ. ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಕಾನೂನಿನಲ್ಲಿ ಗ್ರಾಹಕರಿಗೂ ಇದೆ.

ಕೊನೆಯ ಮಾತು: ಸ್ಟ್ರಿಪ್ ಸುಳ್ಳಲ್ಲ, ಉಪಯುಕ್ತವೇ. ಆದರೆ ಅದು ಕೇಳಿದ ಒಂದು ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. 'ಯೂರಿಯಾ ಇಲ್ಲ' ಎಂದರೆ 'ಹಾಲು ಶುದ್ಧ' ಎಂದಲ್ಲ.