ಕಾರು ತೊಳೆದಿರಿ, ಒರೆಸಿದಿರಾ?



ಭಾನುವಾರ ಬೆಳಿಗ್ಗೆ ಮೈಲಾಪೂರಿನ ಯಾವ ಬೀದಿಗೆ ಹೋದರೂ ನಿಮ್ಮಲ್ಲೊಬ್ಬರು ಬಕೆಟ್ ಹಿಡಿದು ಕಾರು ತೊಳೆಯುತ್ತಿರುವುದು ಕಣ್ಣಿಗೆ ಬೀಳುತ್ತದೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು ಎಂದು ಬೆಳೆದ ನಿಮಗೆ ಹಿರಿಯರ ಉಪದೇಶ ಕೇಳಿ ಕೇಳಿ ಸಾಕಾಗಿರುತ್ತದೆ, ಗೊತ್ತು. ಆದರೂ ಒಂದು ಮಾತು ಹೇಳದೆ ಇರಲಾರೆ. ನೀವು ಚೆನ್ನಾಗಿಯೇ ತೊಳೆಯುತ್ತೀರಿ. ಸೋಪಿನ ನೊರೆ, ಟೈರಿಗೆ ಬೇರೆ ಬ್ರಷ್ಷು, ಎಲ್ಲ ಸರಿ. ಕೊನೆಗೆ ಎರಡು ಮಗ್ ನೀರು ಸುರಿದು, "ಬಿಸಿಲಿಗೆ ತಾನೇ ಒಣಗುತ್ತದೆ" ಎಂದು ಒಳಗೆ ಹೋಗಿಬಿಡುತ್ತೀರಲ್ಲ, ನನ್ನ ತಕರಾರು ಇರುವುದು ಅಲ್ಲಿ!

ನಾನೂ ಹಾಗೇ ಮಾಡುತ್ತಿದ್ದವನು. ಅಪ್ಪನ ಹಳೆಯ ಫಿಯಟ್ ಕಾರನ್ನು ವಾರಕ್ಕೊಮ್ಮೆ ತೊಳೆದರೆ ನನಗೆ ಐದು ರೂಪಾಯಿ ಸಿಗುತ್ತಿತ್ತು. ಐದು ರೂಪಾಯಿಗೆ ತೊಳೆಯುವುದಷ್ಟೇ ನನ್ನ ಕೆಲಸ, ಒರೆಸುವುದು ಸೂರ್ಯದೇವರದು ಎಂಬುದು ನನ್ನ ಲೆಕ್ಕ. ಅಕ್ಕನ ಮದುವೆಗೆ ಅದೇ ಕಾರಿನಲ್ಲಿ ಮೈಸೂರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಹೊರಡುವ ವಾರದ ಮೊದಲು ಟಿಂಕರ್ ಕೆಲಸದವನೊಬ್ಬ ಎಡಗಡೆಯ ಬಾಗಿಲಿನ ಕೆಳಗಿನ ಅಂಚನ್ನು ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿದ. ಸ್ಕ್ರೂಡ್ರೈವರು ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು! ಮೇಲೆ ಬಣ್ಣ ಮಾತ್ರ ಉಳಿದಿತ್ತು, ಒಳಗಿನ ತಗಡನ್ನು ತುಕ್ಕು ತಿಂದು ಮುಗಿಸಿತ್ತು. ಮದುವೆ ಖರ್ಚಿನ ನಡುವೆ ಆ ರಿಪೇರಿಯೂ ಸೇರಿತು. ಅಪ್ಪ ನನ್ನನ್ನು ಬೈಯಲಿಲ್ಲ. ಮುಂದಿನ ಭಾನುವಾರ ತಾವೇ ಒಂದು ಹಳೆಯ ಪಂಚೆ ಹರಿದುಕೊಂಡು ಬಂದು, ನಾನು ತೊಳೆದ ಕಾರನ್ನು ಒರೆಸುತ್ತ ನಿಂತರು. ಬೈದಿದ್ದರೆ ವಾಸಿಯಿತ್ತು.

ಕಾರಿನ ಬಾಗಿಲು ನೀರು ನುಗ್ಗದ ಡಬ್ಬಿ ಎಂದು ನಾನು ಆಗ ತಿಳಿದಿದ್ದೆ. ನೀವೂ ಹಾಗೆಂದುಕೊಂಡಿರಬಹುದು. ಅಲ್ಲ. ಕಿಟಕಿ ಗಾಜಿನ ಪಕ್ಕದ ರಬ್ಬರಿನ ಸಂದಿನಿಂದ ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅದು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ಎರಡು ಮೂರು ಸಣ್ಣ ಕಿಂಡಿಗಳನ್ನು ಇಟ್ಟಿರುತ್ತಾರೆ. ಬೀದಿಯ ಧೂಳು, ಮಣ್ಣು ಸೇರಿ ಕಿಂಡಿ ಮುಚ್ಚಿದರೆ ನೀರು ಒಳಗೇ ನಿಂತು ದಿನಗಟ್ಟಲೆ ಕೊಳೆಯುತ್ತದೆ. ನಮ್ಮ ಫಿಯಟ್ಟಿಗೆ ಆದದ್ದು ಅದೇ. ಈಗಿನ ಅನೇಕ ಕಾರುಗಳ ತಗಡಿಗೆ ಸತುವಿನ ಲೇಪ ಇರುವುದರಿಂದ ಅಷ್ಟು ಬೇಗ ಹಾಳಾಗುವುದಿಲ್ಲ ಎನ್ನುವುದು ನಿಜ. ಆದರೆ ಕಿಂಡಿ ಮುಚ್ಚುವುದೇನೂ ನಿಂತಿಲ್ಲ. ದೇವರ ಮನೆಯಲ್ಲಿ ಉರಿದು ಉಳಿದ ಊದುಬತ್ತಿ ಕಡ್ಡಿ ಸಾಕು, ತಿಂಗಳಿಗೊಮ್ಮೆ ಕಿಂಡಿಯಲ್ಲಿ ಆಡಿಸಿ. ಕಬ್ಬಿಣದ ತಂತಿ ಮಾತ್ರ ಬೇಡ, ಬಣ್ಣ ಕೆರೆದರೆ ತುಕ್ಕಿಗೆ ನಾವೇ ಬಾಗಿಲು ತೆರೆದ ಹಾಗಾಗುತ್ತದೆ.

ಇನ್ನು ನಮ್ಮ ನೀರಿನ ವಿಷಯ. ಮೈಲಾಪೂರಿನ ಮಾಡ ಬೀದಿಗಳಿಂದ ಸಾಂಥೋಮಿನ ಸಮುದ್ರ ಎರಡು ಕಿಲೋಮೀಟರು ಕೂಡ ದೂರವಿಲ್ಲ. ಕಡಲ ಹತ್ತಿರದ ನೆಲದಿಂದ ಹೆಚ್ಚು ನೀರು ಎತ್ತಿದರೆ ಉಪ್ಪು ನೀರು ಒಳಗೆ ಸರಿಯುತ್ತದೆ. ನಿಮ್ಮ ಮನೆಯ ಬಚ್ಚಲ ನಲ್ಲಿಯ ಮೂತಿಗೆ ಕಟ್ಟಿದ ಬಿಳಿ ಪದರ ನೋಡಿದ್ದೀರಲ್ಲ? ಗೀಸರಿನ ಕಾಯಿಲ್ ಬಿಚ್ಚಿದರೆ ಅದರ ಮೇಲೂ ಅದೇ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ, ನೀರು ಆರಿದ ಮೇಲೆ ಹಿಂದೆ ಉಳಿಯುತ್ತದೆ. ಕಾರಿನ ಬಾನೆಟ್ಟಿನ ಮೇಲೆ ಒಣಗಿದ ಪ್ರತಿಯೊಂದು ಹನಿಯೂ ಹಾಗೆ ಒಂದು ಬಿಳಿ ಉಂಗುರ ಬಿಟ್ಟು ಹೋಗುತ್ತದೆ. ಮುಂದಿನ ವಾರ ಅದರ ಮೇಲೆ ಇನ್ನೊಂದು. ಬಿಸಿಲಿನಲ್ಲಿ ಬೆಂದು ಕೂತ ಕಲೆ ಆಮೇಲೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನೇ ಕಚ್ಚಿ ಹಿಡಿಯುತ್ತದೆ. ಕಪ್ಪು ಕಾರು ಇಟ್ಟುಕೊಂಡವರಿಗೆ ಈ ಸಂಕಟ ವಿವರಿಸಬೇಕಾಗಿಲ್ಲ. ಹೊಸ ಕಲೆಯಾದರೆ ಬಿಳಿ ವಿನಿಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಒಂದೆರಡು ನಿಮಿಷ ಒತ್ತಿಟ್ಟು ತೊಳೆದರೆ ಹೋಗುತ್ತದೆ. ಅಜ್ಜಿ ಹಿತ್ತಾಳೆ ಕೊಡ ಬೆಳಗಿದ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಲು ಹೋಗಬೇಡಿ!

ಒರೆಸಲು ಅಪ್ಪನ ಕಾಲದಲ್ಲಿ ಹಳೆಯ ಬನಿಯನ್ನು, ಪಂಚೆ, ಸ್ವಲ್ಪ ಅನುಕೂಲಸ್ಥರಾದರೆ ಶಾಮಿ ಚರ್ಮ. ಈಗ ಮೈಕ್ರೋಫೈಬರ್ ಬಟ್ಟೆ ಎಲ್ಲ ಕಡೆ ಸಿಗುತ್ತದೆ, ಬನಿಯನ್ನಿಗಿಂತ ಎಷ್ಟೋ ಪಾಲು ಮೇಲು. ದಪ್ಪನೆಯದೊಂದು, ಸಣ್ಣದೊಂದು ಇರಲಿ. ದೊಡ್ಡದನ್ನು ನಾಲ್ಕಾಗಿ ಮಡಿಸಿ, ಉಜ್ಜದೆ, ನೀರಿನ ಮೇಲೆ ಹಾಸಿ ಮೆಲ್ಲಗೆ ಎಳೆಯಿರಿ. ಮೊದಲು ಮೇಲ್ಛಾವಣಿ, ಆಮೇಲೆ ಗಾಜು, ಬಾನೆಟ್ಟು, ಡಿಕ್ಕಿ, ಕೊನೆಗೆ ಪಕ್ಕಗಳು. ನೀರು ಮೇಲಿನಿಂದ ಇಳಿಯುವುದರಿಂದ ಈ ಕ್ರಮ. ಬಟ್ಟೆ ನೆಲಕ್ಕೆ ಬಿದ್ದರೆ ಆ ದಿನ ಅದಕ್ಕೆ ರಜೆ ಕೊಡಿ. ಒಂದು ಮರಳಿನ ಕಣ ಸಾಕು, ಬಾನೆಟ್ಟಿನ ತುಂಬ ಗೀರು ಬರೆಯುತ್ತದೆ. ಇದನ್ನೆಲ್ಲ ಬಿಸಿಲೇರುವ ಮುಂಚೆ, ಆರು ಗಂಟೆಗೆ ಮಾಡಬೇಕು. ನಿಮಗೆ ಭಾನುವಾರ ಆರು ಗಂಟೆ ಎಂದರೆ ಮಧ್ಯರಾತ್ರಿ ಎಂಬುದು ನನಗೆ ತಿಳಿಯದೆ ಇಲ್ಲ!

ಇಷ್ಟಾದ ಮೇಲೂ ನಿಜವಾದ ಕಳ್ಳರು ಒಳಗೆ ಅವಿತಿರುತ್ತಾರೆ. ಹೊರಗನ್ನಡಿಯ ಗೂಡು, ಬಾಗಿಲ ಹಿಡಿ, ಪೆಟ್ರೋಲ್ ಮುಚ್ಚಳ, ನಂಬರ್ ಪ್ಲೇಟಿನ ಹಿಂಭಾಗ, ಡಿಕ್ಕಿಯ ರಬ್ಬರು, ಹಿಂದಿನ ದೀಪಗಳ ಸಂದು. ಹತ್ತು ನಿಮಿಷ ಸುಮ್ಮನಿದ್ದು, ನೀವು ಕಾಫಿ ಕುಡಿಯಲು ಹೋದಾಗ ಅಲ್ಲಿಂದ ಒಂದೊಂದೇ ಹನಿ ಇಳಿದು ಒರೆಸಿದ ಜಾಗದ ಮೇಲೆ ಉದ್ದನೆಯ ಗೆರೆ ಎಳೆಯುತ್ತದೆ. ಹಳೆಯ ಕಾರುಗಳಿಗೆ ಬಾಗಿಲಿನ ಮೇಲೆ ನೀರು ಹರಿಯುವ ದೋಣಿಯಂಥ ಅಂಚು ಬೇರೆ ಇರುತ್ತಿತ್ತು. ಕೆಥೆಡ್ರಲ್ ರಸ್ತೆಯಲ್ಲಿ ಉಡುಪಿ ಕಡೆಯ ಕೆ. ಕೃಷ್ಣರಾಯರು 1962ರಲ್ಲಿ ಆರಂಭಿಸಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನ ಹೆಸರನ್ನು ನಿಮ್ಮ ತಂದೆ ತಾಯಿಯರಿಂದ ಕೇಳಿರಬೇಕು. ಅಲ್ಲಿ ಕಾರಿನಲ್ಲಿ ಕುಳಿತಲ್ಲಿಗೇ ದೋಸೆ, ಕಾಫಿ ಬರುತ್ತಿತ್ತು. ಅದು 2008ರಲ್ಲಿ ಮುಚ್ಚಿ, ಆ ಜಾಗದಲ್ಲೀಗ ಸೆಮ್ಮೊಳಿ ಪೂಂಗಾ ಉದ್ಯಾನ ಇದೆ. ಆಗಷ್ಟೇ ತೊಳೆದ ಕಾರಿನಲ್ಲಿ ಹೋಗಿ, ಆ ದೋಣಿಯಂಚಿನಿಂದ ತೊಟಕ್ಕೆಂದು ಒಂದು ಕೊಳೆ ಹನಿ ನೇರವಾಗಿ ಅಪ್ಪನ ಕಾಫಿ ಲೋಟಕ್ಕೆ ಬಿದ್ದದ್ದು ನನಗೆ ಇಂದಿಗೂ ನೆನಪಿದೆ. ಅಪ್ಪ ಅದನ್ನೂ ಮಾತಾಡದೆ ಕುಡಿದರು.

ನಿಮ್ಮ ಹನಿಗಳು ಬೇರೆಯವರಿಗೂ ತೊಂದರೆ ಕೊಡುತ್ತವೆ. ಬೀದಿಯಲ್ಲಿ ಕಾರು ತೊಳೆದು ಹಾಗೇ ಬಿಟ್ಟರೆ ಸುರಿದ ನೀರು ಪಕ್ಕದ ಮನೆಯ ಮಾಮಿ ಇಟ್ಟ ಕೋಲಂ ಮೇಲೆ ಹರಿಯುತ್ತದೆ. ಮಾರ್ಗಳಿ ತಿಂಗಳಿನಲ್ಲಂತೂ ಅದಕ್ಕೆ ಕ್ಷಮೆಯಿಲ್ಲ!

ನೀರನ್ನು ಕೊಂಚ ಬಳಸಿದರೆ ಒರೆಸುವುದೂ ಕೊಂಚವೇ. 2019ರ ಬೇಸಿಗೆ ನಿಮಗೆ ಮರೆತಿರಲಾರದು. ಊರಿಗೆ ನೀರುಣಿಸುವ ಕೆರೆಗಳು ಬತ್ತಿ, ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ಬೆಂಗಳೂರಿಗೆ ಹೋಗುವಾಗ ನಾವು ವಡೆ ಕೊಳ್ಳುತ್ತಿದ್ದ ಅದೇ ಜೋಲಾರ್‌ಪೇಟೆ. ಬಂದದ್ದು ಮೆಟ್ಟೂರಿನ ಕಾವೇರಿ ನೀರು, ಎಂದರೆ ಕೊಡಗಿನಲ್ಲಿ ಹುಟ್ಟಿದ ನದಿಯದೇ! ಬೆಂಗಳೂರಿನಲ್ಲೂ 2024ರ ಮಾರ್ಚಿಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಮಾಡಿತು. ಹಾಗೆಂದು ಆರ್.ಓ. ಯಂತ್ರ ಹೊರಗೆ ಚೆಲ್ಲುವ ನೀರನ್ನು ಕೊನೆಯ ಮಗ್ಗಿಗೆ ಬಳಸಬೇಡಿ. ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ಅದಕ್ಕಿಂತ ಎ.ಸಿ. ಪೈಪಿನಿಂದ ತೊಟ್ಟಿಕ್ಕುವ ನೀರು ಹಿಡಿದಿಡಿ. ಗಾಳಿಯ ತೇವ ತಣಿದು ಆದ ನೀರು ಅದು, ಸುಣ್ಣವಿಲ್ಲ. ನಮ್ಮ ಚೆನ್ನೈ ಸೆಕೆಯಲ್ಲಿ ಒಂದು ರಾತ್ರಿಗೆ ಒಂದು ಬಕೆಟ್ ಸಲೀಸಾಗಿ ತುಂಬುತ್ತದೆ. ಕುಡಿಯಲು ಬಾರದು, ಕಾರಿಗೆ ಮಾತ್ರ ಅಮೃತ.

ಒರೆಸಿ ಮುಗಿಸಿದ ಮೇಲೆ ನಾಲ್ಕು ಬಾಗಿಲೂ, ಡಿಕ್ಕಿಯೂ ತೆರೆದು ಅಂಚುಗಳನ್ನು ಸಣ್ಣ ಬಟ್ಟೆಯಿಂದ ಒತ್ತಿ ತೆಗೆಯಿರಿ. ಆಮೇಲೆ ಕಪಾಲೀಶ್ವರರ ಕೊಳದ ಸುತ್ತ ಕಾರಿನಲ್ಲೇ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿ ಬನ್ನಿ. ನಡುವೆ ಹಿಂದೆ ಮುಂದೆ ನೋಡಿಕೊಂಡು ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ, ಅದರ ನೀರೂ ಆರಲಿ. ಮನೆ ಮುಂದೆ ನಿಲ್ಲಿಸಿ ಹೊರಗನ್ನಡಿಯ ಕೆಳಗೆ ನೋಡಿ. ಎರಡು ಹನಿ ಇಳಿದಿರುತ್ತದೆ. ಬಟ್ಟೆ ಜೇಬಿನಲ್ಲೇ ಇರಲಿ.