ಹಳೆಯ ಕಂಪ್ಯೂಟರಿಗೆ ಲಿನಕ್ಸ್: ಅಕ್ಷರ ಮೊದಲು, ಯಂತ್ರ ಆಮೇಲೆ

2015ರ ಜುಲೈನಲ್ಲಿ ಹೊರಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ರಂದು ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ದುರಸ್ತಿಗಳು ಸಿಗುತ್ತವೆ ಎಂದು ಆಗ ಪ್ರಕಟಿಸಿತು. ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳ ಮನೆಗಳಲ್ಲಿ ಇದು ದೂರದ ಅಮೆರಿಕದ ಸುದ್ದಿಯಾಗಿ ಉಳಿಯುವಂಥದ್ದಲ್ಲ. ಅಣ್ಣನ ಡಿಗ್ರಿಗೆಂದು ಕೊಂಡ ಕಂಪ್ಯೂಟರಿನಲ್ಲಿ ಈಗ ತಂಗಿಯ ಪಿಯುಸಿ ನಡೆದಿರುತ್ತದೆ. ಸರ್ಕಾರ ಪದವಿ ವಿದ್ಯಾರ್ಥಿಗಳಿಗೆ ಹಂಚಿದ ಲ್ಯಾಪ್‌ಟಾಪು ಮನೆಮಂದಿಗೆಲ್ಲ ಒಂದೇ ಆಗಿರುತ್ತದೆ. ಅದನ್ನು ಅಂಗಡಿಗೆ ಒಯ್ದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಇದು ಹನ್ನೊಂದಕ್ಕ ಏರೂದಿಲ್ರಿ ಸರ, ಹೊಸಾದು ತಗೋರಿ."

ಹಾಗಾದರೆ ಹಳೆಯದು ಗುಜರಿಗೆ ಹೋಗಬೇಕೆ? ಬೇಕಾಗಿಲ್ಲ. ಆದರೆ ಅದನ್ನು ಉಳಿಸಿಕೊಳ್ಳುವ ಮುನ್ನ ಯೋಚಿಸಬೇಕಾದ ಸಂಗತಿ ಒಂದಿದೆ. ಅದು ಯಂತ್ರದ ಸಂಗತಿಯಲ್ಲ, ಕನ್ನಡ ಅಕ್ಷರದ ಸಂಗತಿ.

ಕೆಟ್ಟದ್ದು ಯಂತ್ರವಲ್ಲ

ಬೆಂಬಲ ನಿಂತಿತು ಎಂದರೆ ಕಂಪ್ಯೂಟರು ಅಂದೇ ಕೆಲಸ ನಿಲ್ಲಿಸುತ್ತದೆ ಎಂದಲ್ಲ. ಅದು ಮೊದಲಿನಂತೆಯೇ ತೆರೆದುಕೊಳ್ಳುತ್ತದೆ, ಪಾಠ ತೋರಿಸುತ್ತದೆ, ಹಾಡು ಕೇಳಿಸುತ್ತದೆ. ಊರಿನ ಗಸ್ತಿನವ ಕೆಲಸ ಬಿಟ್ಟ ಮೇಲೂ ಮನೆಗಳು ನಿಂತೇ ಇರುತ್ತವಲ್ಲ, ಹಾಗೆ. ಆದರೆ ಕಳ್ಳರು ಹೊಸ ದಾರಿ ಕಂಡುಕೊಂಡರೆ ಅದನ್ನು ಮುಚ್ಚುವವರು ಇರುವುದಿಲ್ಲ. ಬ್ಯಾಂಕಿನ ವ್ಯವಹಾರ, ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅದೇ ಯಂತ್ರದಲ್ಲಿ ನಡೆಯುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ವಿಂಡೋಸ್ 11ಕ್ಕೆ ಏರಬೇಕೆಂದರೆ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಬೇಕು. 2016ರಲ್ಲೋ ಅದಕ್ಕೂ ಮೊದಲೋ ತಯಾರಾದ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಈ ಪಟ್ಟಿಯಲ್ಲಿ ಬರುವುದಿಲ್ಲ. ನೊಗ ಹೊಂದಲಿಲ್ಲವೆಂದು ಗಟ್ಟಿ ಎತ್ತನ್ನೇ ಸಂತೆಗೆ ಹೊಡೆದಂತಾಯಿತು. ಎತ್ತು ಬದಲಿಸುವುದಕ್ಕಿಂತ ನೊಗ ಬದಲಿಸುವುದು ಅಗ್ಗ. ಆ ಬದಲಿ ನೊಗದ ಹೆಸರು ಲಿನಕ್ಸ್.

ಕಂಪ್ಯೂಟರಿನ ಕೀಲಿಮಣೆ, ಪರದೆ, ನೆನಪಿನ ಕೋಶ, ಮುದ್ರಣ ಯಂತ್ರ ಇವೆಲ್ಲವನ್ನೂ ಒಂದು ಹದ್ದುಬಸ್ತಿನಲ್ಲಿಟ್ಟು ದುಡಿಸಿಕೊಳ್ಳುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಅಂಥದೊಂದು. ಲಿನಕ್ಸ್ ಇನ್ನೊಂದು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಇದರ ತಿರುಳನ್ನು ಬರೆದರು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಆರಂಭಿಸಿದ್ದ ಗ್ನು ಯೋಜನೆಯ ತಂತ್ರಾಂಶಗಳು ಅದರೊಡನೆ ಕೂಡಿಕೊಂಡವು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಪ್ರತಿ ಮಾಡಿ ಗೆಳೆಯರಿಗೆ ಕೊಡಬಹುದು. ಇದರಲ್ಲಿ ಕಳ್ಳಪ್ರತಿ ಎಂಬ ಮಾತಿಲ್ಲ. ಉಬುಂಟು, ಲಿನಕ್ಸ್ ಮಿಂಟ್ ಮುಂತಾದವು ಇದರ ಬೇರೆ ಬೇರೆ ರೂಪಗಳು. ವಿಂಡೋಸ್ ಬಳಸಿದ ಕೈಗೆ ಮಿಂಟ್ ಬೇಗ ಒಗ್ಗುತ್ತದೆ. 2 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲೂ ಅದು ನಡೆಯುತ್ತದೆ, 4 ಜಿಬಿ ಇದ್ದರೆ ಸಲೀಸು.

ಮಕ್ಕಳಿಗೆ ಆದೀತೇ?

ಪಾಲಕರ ಮೊದಲ ಸಂಶಯ ಇದೇ. ಉತ್ತರ ಬೇಕಾದವರು ಕಾಸರಗೋಡಿನ ಕಡೆ ನೋಡಬೇಕು. ಕೇರಳ ಸರ್ಕಾರ 2001ರ ಸುಮಾರಿಗೆ ಆರಂಭಿಸಿದ 'ಐಟಿ@ಸ್ಕೂಲ್' ಯೋಜನೆಯು ಆ ದಶಕದಲ್ಲಿಯೇ ಶಾಲೆಗಳ ಕಂಪ್ಯೂಟರುಗಳನ್ನು ಲಿನಕ್ಸಿಗೆ ಬದಲಿಸಿತು. ಮುಂದೆ 2017ರಲ್ಲಿ ಈ ಯೋಜನೆ 'ಕೈಟ್' ಎಂಬ ಸಂಸ್ಥೆಯಾಯಿತು. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈ ವ್ಯವಸ್ಥೆಯಲ್ಲೇ ಕಂಪ್ಯೂಟರ್ ಕಲಿತವರು. ಅವರ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಪತ್ರ ಬರೆಯಲು, ಲೆಕ್ಕದ ಹಾಳೆ ತುಂಬಲು ಲಿಬ್ರೆ ಆಫೀಸ್, ಚಿತ್ರ ತಿದ್ದಲು ಜಿಂಪ್, ರೇಖಾಗಣಿತಕ್ಕೆ ಜಿಯೋಜೀಬ್ರಾ, ಪ್ರೋಗ್ರಾಂ ಬರೆಯಲು ಪೈಥಾನ್ ಹೀಗೆ ಕಲಿಕೆ ಸಾಗುತ್ತದೆ. ಹತ್ತನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆಯೂ ಲಿನಕ್ಸಿನಲ್ಲಿಯೇ. ಅಲ್ಲಿನ ಕನ್ನಡದ ಮಕ್ಕಳಿಗೆ ಸಾಧ್ಯವಾದದ್ದು ಗದಗ ಜಿಲ್ಲೆಯ ಮಕ್ಕಳಿಗೆ ಸಾಧ್ಯವಾಗದೆ ಇರಲು ಕಾರಣವಿಲ್ಲ.

ಕರ್ನಾಟಕದಲ್ಲೂ ಇದು ತೀರ ಅಪರಿಚಿತವಲ್ಲ. 2011ರಿಂದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ನಡೆದ ವಿಷಯ ಶಿಕ್ಷಕರ ವೇದಿಕೆ ಎಂಬ ತರಬೇತಿಯಲ್ಲಿ ಮಾಸ್ತರರು, ಬಾಯಾರು ಉಬುಂಟುವನ್ನೇ ಬಳಸಿ ಕಲಿತರು. ಊರಿನ ಹೈಸ್ಕೂಲಿನ ಗಣಿತದ ಮಾಸ್ತರರನ್ನು ಕೇಳಿದರೆ ಅದರ ಪರಿಚಯ ಇದ್ದರೂ ಇದ್ದೀತು. ಇಂಜಿನಿಯರಿಂಗ್ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗಂತೂ ಲಿನಕ್ಸ್ ಇಂದಲ್ಲ ನಾಳೆ ಎದುರಾಗುವುದೇ. ಮನೆಯಲ್ಲೇ ಕೈ ಪಳಗಿದರೆ ಲಾಭವೇ ಹೊರತು ನಷ್ಟವಿಲ್ಲ.

ಅಕ್ಷರದ ವೇಷ

ಹಾಗಾದರೆ ತೊಡಕು ಎಲ್ಲಿದೆ? ಮನೆಯ ಕಂಪ್ಯೂಟರಿನ ಕಡತಗಳಲ್ಲಿದೆ. ತಾಯಿ ಶಿಕ್ಷಕಿಯಾಗಿದ್ದರೆ ಹತ್ತು ವರ್ಷದ ಪ್ರಶ್ನೆಪತ್ರಿಕೆಗಳು, ತಂದೆ ಸೊಸೈಟಿಯ ಕೆಲಸದಲ್ಲಿದ್ದರೆ ಠರಾವಿನ ಪ್ರತಿಗಳು, ಅಕ್ಕ ಕನ್ನಡ ಎಂ.ಎ. ಮಾಡಿದ್ದರೆ ಅವಳು ಊರೂರು ತಿರುಗಿ ಬರೆದುಕೊಂಡ ಸೋಬಾನೆ ಪದಗಳು. ಇವುಗಳಲ್ಲಿ ಬಹುಪಾಲು 'ನುಡಿ' ಅಥವಾ 'ಬರಹ'ದಲ್ಲಿ ಟೈಪಾದವು. ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ್ದು ನುಡಿ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದದ್ದು ಬರಹ. ಕನ್ನಡವನ್ನು ಸಾಮಾನ್ಯರ ಕಂಪ್ಯೂಟರಿಗೆ ತಂದ ಕೀರ್ತಿ ಇವೆರಡಕ್ಕೂ ಸಲ್ಲಬೇಕು.

ಆದರೆ ಅಂದಿನ ಪದ್ಧತಿಯಲ್ಲಿ ಒಂದು ಗುಟ್ಟು ಇತ್ತು. ಕಡತದ ಒಳಗೆ ಇರುತ್ತಿದ್ದವು ಇಂಗ್ಲಿಷ್ ಮತ್ತು ಯುರೋಪಿನ ಲಿಪಿಯ ಸಂಕೇತಗಳು. ಅವುಗಳ ಮೇಲೆ ಕನ್ನಡದ ಫಾಂಟು ಬಣ್ಣ ಹಚ್ಚಿ ನಿಲ್ಲಿಸುತ್ತಿತ್ತು. ದೊಡ್ಡಾಟದಲ್ಲಿ ಊರಿನ ಹುಡುಗನೇ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅರ್ಜುನನಾಗುವನಲ್ಲ, ಹಾಗೆ. ವೇಷ ಇರುವವರೆಗೆ ಅರ್ಜುನ, ಕಳಚಿದರೆ ಊರಿನ ಹುಡುಗ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಅನ್ಯಲಿಪಿಯ ರಾಶಿ ಕಾಣುವುದು ಇದಕ್ಕೇ. ಹೊಸದಾಗಿ ಲಿನಕ್ಸ್ ಹಾಕಿದವರು "ಕನ್ನಡವೆಲ್ಲ ಹಾಳಾತು" ಎಂದು ಗಾಬರಿಯಾಗುವುದು ಇಲ್ಲಿಯೇ. ಹಾಳಾದದ್ದು ಏನೂ ಇಲ್ಲ, ವೇಷ ಕಳಚಿದೆ ಅಷ್ಟೇ.

ಇದಕ್ಕೆ ಪರಿಹಾರ ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ಕೊಟ್ಟ ಈ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತು. ಲಿನಕ್ಸ್ ಹುಟ್ಟಿದ್ದೂ ಅದೇ ವರ್ಷ. ಯೂನಿಕೋಡಿನಲ್ಲಿ 'ಕ' ಎಂದರೆ ಒಳಗೂ 'ಕ', ಹೊರಗೂ 'ಕ'. ಮೊಬೈಲಿನಲ್ಲಿ ಕನ್ನಡ ಓದುವುದು, ಬರೆಯುವುದು ಸಾಧ್ಯವಾಗಿರುವುದು ಇದರಿಂದಲೇ. ಆದ್ದರಿಂದ ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸಿಕೊಳ್ಳುವುದು ಮೊದಲ ಕೆಲಸ. ಬರಹದಲ್ಲೂ ನುಡಿಯ ಈಚಿನ ಆವೃತ್ತಿಗಳಲ್ಲೂ ಪರಿವರ್ತಕಗಳಿವೆ. ವಿಂಡೋಸ್ ಇನ್ನೂ ಇರುವಾಗಲೇ ಈ ಕೆಲಸ ಮುಗಿಸುವುದು ಜಾಣತನ.

ಪರಿವರ್ತನೆಯಾದ ಮೇಲೆ ಒಮ್ಮೆ ಕಣ್ಣಾಡಿಸಲೇಬೇಕು. ಅರ್ಕಾವೊತ್ತಿನಲ್ಲಿ ತಪ್ಪು ನುಸುಳುವುದುಂಟು. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತಿನ ಗುರುತು ಅಕ್ಷರದ ನಂತರ ಕುಳಿತಿರುತ್ತಿತ್ತು. ಯೂನಿಕೋಡಿನಲ್ಲಿ ರಕಾರ ಉಚ್ಚಾರದ ಕ್ರಮದಲ್ಲೇ ಮೊದಲು ಬರುತ್ತದೆ. ಧರ್ಮ, ಕರ್ಮ, ವರ್ಷ ಇಂಥ ಪದಗಳನ್ನು ಹುಡುಕಿ ನೋಡಿದರೆ ಪರಿವರ್ತಕ ಸರಿಯಾಗಿ ದುಡಿದಿದೆಯೇ ಎಂಬುದು ತಿಳಿಯುತ್ತದೆ. ಕನ್ನಡ, ಇಂಗ್ಲಿಷ್ ಬೆರೆತ ಕಡತವಾದರೆ ಇಂಗ್ಲಿಷ್ ಪದಗಳೂ ಕನ್ನಡವಾಗಿಬಿಡುವ ಸಂಭವವಿದೆ. ಮೂಲ ಪ್ರತಿಯನ್ನು ಅಳಿಸದೆ ಇಟ್ಟುಕೊಳ್ಳುವುದು ಕ್ಷೇಮ.

ಟೈಪಿಂಗ್ ಮತ್ತೆ ಕಲಿಯಬೇಕೇ? ಬೇಡ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಿಂದಾಗಿ ಮನೆಮಾತಾದ ಕೀಲಿಮಣೆ ವಿನ್ಯಾಸವು ಲಿನಕ್ಸಿನಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಸಿದ್ಧವಾಗಿಯೇ ಇದೆ. ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತುವ ಬೆರಳು ಇಲ್ಲಿಯೂ ಎಫ್ ಕೀಲಿಯನ್ನೇ ಒತ್ತಬಹುದು. 'ಗುಬ್ಬಿ', 'ನವಿಲು' ಎಂಬ ಚೆಂದದ ಹೆಸರಿನ ಕನ್ನಡ ಫಾಂಟುಗಳೂ ಪುಕ್ಕಟೆ ಸಿಗುತ್ತವೆ.

ಯಾರಿಗೆ ಇದು ಹೊಂದದು?

ಬಿ.ಕಾಂ. ಓದುವವರಿಗೆ ಬೇಕಾದ ಟ್ಯಾಲಿ, ಡಿಪ್ಲೊಮಾ ಮತ್ತು ಐಟಿಐನವರು ಕಲಿಯುವ ಆಟೊಕ್ಯಾಡ್, ಮುದ್ರಣದ ಅಂಗಡಿಗಳಲ್ಲಿ ನಡೆಯುವ ಕೋರಲ್ ಡ್ರಾ ಇವು ಲಿನಕ್ಸಿಗಾಗಿ ತಯಾರಾದವಲ್ಲ. ಕೆಲವು ಆನ್‌ಲೈನ್ ಪರೀಕ್ಷೆಗಳ ನಿಗಾ ತಂತ್ರಾಂಶಗಳೂ ವಿಂಡೋಸನ್ನೇ ಕೇಳುತ್ತವೆ. ಅಂಥ ಮನೆಯವರು ವಿಂಡೋಸನ್ನು ಪೂರ್ತಿ ತೆಗೆಯದೆ ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಳ್ಳಬಹುದು. ಆದರೆ ಬೆಂಬಲ ನಿಂತ ವಿಂಡೋಸಿನಲ್ಲಿ ಬ್ಯಾಂಕಿನ ಕೆಲಸ ಬೇಡ, ಅದಕ್ಕೆ ಲಿನಕ್ಸ್ ಇರಲಿ.

ಬದಲಿಸಿ ಹಿಂದಿರುಗಿದವರೂ ಇದ್ದಾರೆ. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ಲಿನಕ್ಸಿಗೆ ಹೋಗಲು ನಿರ್ಧರಿಸಿ ಸಾವಿರಾರು ಕಂಪ್ಯೂಟರುಗಳನ್ನು ಬದಲಿಸಿತು. 2017ರಲ್ಲಿ ವಿಂಡೋಸಿಗೆ ಮರಳಲು ನಿರ್ಣಯಿಸಿತು. ಹೊರಗಿನವರೊಡನೆ ಕಡತಗಳ ಕೊಡುಕೊಳ್ಳುವಿಕೆ ಅಲ್ಲಿಯೂ ತಲೆನೋವಾಗಿತ್ತು. ಮನೆಯ ಮಟ್ಟದಲ್ಲಿ ಇದಕ್ಕೆ ಸುಲಭದ ದಾರಿ ಇದೆ. ಝೆರಾಕ್ಸ್ ಅಂಗಡಿಗೆ ಪ್ರಾಜೆಕ್ಟ್ ವರದಿ ಒಯ್ಯುವಾಗ ಪಿಡಿಎಫ್ ಮಾಡಿ ಒಯ್ದರೆ ಅಕ್ಷರ ಚೆಲ್ಲಾಪಿಲ್ಲಿಯಾಗುವುದಿಲ್ಲ.

ಬದಲಿಸುವ ಕ್ರಮ

1. ಫೋಟೊ, ಅಂಕಪಟ್ಟಿ, ಕಡತಗಳನ್ನು ಹೊರಗಿನ ಡಿಸ್ಕಿಗೋ ಪೆನ್‌ಡ್ರೈವಿಗೋ ಪ್ರತಿ ಮಾಡಿ. ಎರಡು ಪ್ರತಿ ಇದ್ದರೆ ಇನ್ನೂ ಒಳ್ಳೆಯದು. ನುಡಿ, ಬರಹದ ಫಾಂಟುಗಳನ್ನೂ ಜೊತೆಗಿಡಿ. ಅವನ್ನು ಲಿನಕ್ಸಿಗೆ ಸೇರಿಸಿ ಹಳೆಯ ಕಡತ ಓದಬಹುದು.

2. ಕನ್ನಡದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಓದಿ ನೋಡಿ.

3. ಮಿಂಟ್ ತಂತ್ರಾಂಶ ಸುಮಾರು 3 ಜಿಬಿ ಗಾತ್ರದ್ದು. ಮೊಬೈಲಿನ ದಿನದ ಡೇಟಾ ಸಾಲದಿದ್ದರೆ ಈಗಾಗಲೇ ಇಳಿಸಿಕೊಂಡ ಗೆಳೆಯರಿಂದ ಪ್ರತಿ ಪಡೆಯಿರಿ. ಅದನ್ನು 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ ರೂಫಸ್‌ನಂಥ ತಂತ್ರಾಂಶದಿಂದ ಬರೆಯಿರಿ. ಸುಮ್ಮನೆ ಪ್ರತಿ ಮಾಡಿದರೆ ಸಾಲದು.

4. ಆ ಪೆನ್‌ಡ್ರೈವಿನಿಂದಲೇ ಕಂಪ್ಯೂಟರನ್ನು ಚಾಲೂ ಮಾಡಿ, ಏನನ್ನೂ ಅಳಿಸದೆ ಲಿನಕ್ಸನ್ನು ಪರೀಕ್ಷಿಸಬಹುದು. ವೈಫೈ, ಧ್ವನಿ, ಮುದ್ರಣ ಯಂತ್ರ ನಡೆಯುತ್ತವೆಯೇ ನೋಡಿ. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ತಕರಾರು ಮಾಡುವುದುಂಟು.

5. ಒಂದು ವಾರ ಹೀಗೆ ಬಳಸಿ ಮನಸ್ಸಿಗೆ ಬಂದರೆ ಮಾತ್ರ ಸ್ಥಾಪಿಸಿ. 'ಡಿಸ್ಕ್ ಪೂರ್ತಿ ಅಳಿಸು' ಎಂಬ ಆಯ್ಕೆ ಒತ್ತುವ ಮೊದಲು ಎರಡು ಸಲ ಯೋಚಿಸಿ. ನಡುವೆ ಕರೆಂಟು ಹೋದರೆ ತೊಂದರೆ, ಆದ್ದರಿಂದ ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ, ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ.

6. ಪರೀಕ್ಷೆಯ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಬೇಸಿಗೆಯ ರಜೆ ಇದಕ್ಕೆ ತಕ್ಕ ಕಾಲ.

ಇಷ್ಟೆಲ್ಲ ಮಾಡಿದ ಮೇಲೆ ಮನೆಯಲ್ಲಿ ಉಳಿಯುವುದು ಹೊಸ ಕಂಪ್ಯೂಟರಿನ ಹಣ ಮಾತ್ರವಲ್ಲ. ಮುಂದೆ ಯಾವ ಕಂಪನಿ ಯಾವ ಬೆಂಬಲ ನಿಲ್ಲಿಸಿದರೂ ಯೂನಿಕೋಡಿಗೆ ಬಂದ ಪ್ರಶ್ನೆಪತ್ರಿಕೆ, ಠರಾವು, ಸೋಬಾನೆ ಪದ ಯಾವ ಯಂತ್ರದಲ್ಲಾದರೂ ತೆರೆದುಕೊಳ್ಳುತ್ತವೆ. ಲಿನಕ್ಸಿಗೆ ಹೋಗುವುದು ಬಿಡುವುದು ಆಯಾ ಮನೆಯವರ ಇಷ್ಟ. ಆದರೆ ಕಡತಗಳ ಕನ್ನಡವನ್ನು ಇಂದೇ ಭದ್ರ ಮಾಡಿಕೊಳ್ಳುವ ಕೆಲಸ ವಿಂಡೋಸಿನಲ್ಲೇ ಉಳಿಯುವವರಿಗೂ ತಪ್ಪಿದ್ದಲ್ಲ.